ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಮಾತ್ರೆ ಬಿಟ್ಟು ಆಸ್ಟಿಯೋಪತಿ ಮಾಡಿಸಬಹುದಾ?

ದಯವಿಟ್ಟು ಮಾತ್ರೆ ಬಿಡಬೇಡಿ. ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಈಗಷ್ಟೇ ಗೊತ್ತಾಗಿದೆ, ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯ ಹೆಸರು ಕೇಳಿದರೇ ಭಯ, ಅದರ ಬದಲು ಆಸ್ಟಿಯೋಪತಿ, ಅಂದರೆ ಕೈಯಿಂದ ಒತ್ತಿ, ಎಳೆದು ಮಾಡುವ ಚಿಕಿತ್ಸೆ, ಸಾಕಾಗುತ್ತದಾ, ಎಷ್ಟು ದಿನಕ್ಕೊಮ್ಮೆ ಹೋಗಬೇಕು ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ ಇದೆ. ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ, ಆಸ್ಟಿಯೋಪತ್ ಹತ್ತಿರವೂ ಹೋಗುತ್ತೇನೆ. ಅವೆರಡರ ಕೆಲಸ ಬೇರೆ ಬೇರೆ.

ವಯಸ್ಸಾದ ಮೇಲೆ ಮಂಡಿ ಸವೆಯುತ್ತದಲ್ಲ, ಇದು ಆ ಥರದ ನೋವಲ್ಲ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ಕೀಲಿನ ಒಳಗಿರುವ ತೆಳು ಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿ ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೃದು ಎಲುಬನ್ನೂ ಮೂಳೆಯನ್ನೂ ಕೊರೆಯುತ್ತಾ ಹೋಗುತ್ತದೆ. ಹೆಚ್ಚಾಗಿ ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ, ಅದೂ ಎಡಬಲ ಎರಡೂ ಕಡೆ. ಬೆಳಗ್ಗೆ ಎದ್ದ ಮೇಲೆ ಮುಷ್ಟಿ ಕಟ್ಟಲು ಆಗುವುದಿಲ್ಲ, ಕೈ ಸಡಿಲವಾಗಲು ಒಂದು ಗಂಟೆ ಬೇಕು, ಅಲ್ವಾ? ಅದು ಇದರದೇ ಗುರುತು. ಕಣ್ಣು, ಶ್ವಾಸಕೋಶ, ರಕ್ತನಾಳಗಳಿಗೂ ಈ ಉರಿಯೂತ ತಟ್ಟಬಹುದು. ಹೃದಯದ ತೊಂದರೆಯ ಸಾಧ್ಯತೆಯೂ ಜಾಸ್ತಿಯಾಗುತ್ತದೆ. ಇಡೀ ಮೈಯಲ್ಲಿ ನಡೆಯುವ ಇಂಥ ಕೆಲಸವನ್ನು ಹೊರಗಿನಿಂದ ಒತ್ತಿ, ಎಳೆದು ನಿಲ್ಲಿಸಲು ಬರುವುದಿಲ್ಲ. ಅದಕ್ಕೆ ಔಷಧಿಯೇ ಬೇಕು. ಮೊದಲ ಕೆಲವು ತಿಂಗಳಲ್ಲೇ ಶುರು ಮಾಡಿದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು. ಒಮ್ಮೆ ಕೊರೆದುಹೋದ ಮೂಳೆ ಮೊದಲಿನಂತೆ ಆಗುವುದಿಲ್ಲ.

ಮೆಥೊಟ್ರೆಕ್ಸೇಟ್ ಭಯದ ಬಗ್ಗೆ ಎರಡು ಮಾತು. ಇದನ್ನು ಕ್ಯಾನ್ಸರಿಗೂ ಕೊಡುತ್ತಾರೆ, ನಿಜ. ಆದರೆ ಅಲ್ಲಿಯ ಪ್ರಮಾಣವೇ ಬೇರೆ. ನಮಗೆ ಕೊಡುವುದು ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ, ಅದೂ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ವಾರದ ಒಂದು ದಿನ ಗೊತ್ತು ಮಾಡಿ, ಮನೆಯವರಿಗೂ ಹೇಳಿಡಿ. ಜೊತೆಗೆ ಫೋಲಿಕ್ ಆಸಿಡ್ ಕೊಡುತ್ತಾರೆ, ವಾಕರಿಕೆ, ಬಾಯಿಹುಣ್ಣು ಕಡಿಮೆಯಾಗಲಿ ಅಂತ. ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ಮಾಡಿಸುತ್ತಲೇ ಇರಬೇಕು. ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಬಸಿರಿನಲ್ಲಿ ಇದನ್ನು ತೆಗೆದುಕೊಳ್ಳುವಂತಿಲ್ಲ. ಪರಿಣಾಮ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಇದು ಒಗ್ಗದಿದ್ದರೆ ಬೇರೆ ಮಾತ್ರೆ, ಇಂಜೆಕ್ಷನ್‌ಗಳಿವೆ. ಸುಮ್ನೆ ಹೆದರಿ ನೀವಾಗಿಯೇ ನಿಲ್ಲಿಸುವ ಬದಲು ಡಾಕ್ಟರ್ ಹತ್ತಿರ ಬದಲಾಯಿಸಿಕೊಡಿ ಅಂತ ಕೇಳಿ.

ಇನ್ನು ಆಸ್ಟಿಯೋಪತಿ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1874ರಲ್ಲಿ ಈ ಪದ್ಧತಿಯನ್ನು ಸಾರಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ಶಾಲೆ ಶುರುವಾಯಿತು. ಅಮೆರಿಕದಲ್ಲಿ ಇದನ್ನು ಓದಿದವರು ಪೂರ್ಣ ಪ್ರಮಾಣದ ವೈದ್ಯರು, ಔಷಧಿಯನ್ನೂ ಬರೆಯುತ್ತಾರೆ. ಬೇರೆ ಬಹುತೇಕ ದೇಶಗಳಲ್ಲಿ ಆಸ್ಟಿಯೋಪತ್ ಅಂದರೆ ಕೈಯಿಂದ ಚಿಕಿತ್ಸೆ ಕೊಡುವವರು ಮಾತ್ರ. ನೀವು ಹೋಗುವವರು ಯಾವ ಓದು ಓದಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ನನಗೆ ಅದರಿಂದ ಸಿಕ್ಕಿರುವುದು ಕೀಲಿನ ಸುತ್ತಮುತ್ತಲಿನ ಆರಾಮ. ಬೆರಳು ನೋಯುತ್ತದೆ ಅಂತ ಭುಜ ಬಿಗಿ ಹಿಡಿದು ಕೆಲಸ ಮಾಡುತ್ತೇವೆ. ಪಾದ ನೋಯುತ್ತದೆ ಅಂತ ನಡಿಗೆ ವಾಲುತ್ತದೆ, ಆಮೇಲೆ ಸೊಂಟವೂ ಹಿಡಿದುಕೊಳ್ಳುತ್ತದೆ. ಕೀಲಿನದಲ್ಲದ ಈ ನೋವುಗಳು ದಿನವಿಡೀ ಸುಸ್ತು ಮಾಡುತ್ತವೆ. ನುರಿತ ಕೈ ನಿಧಾನಕ್ಕೆ ಆ ಸ್ನಾಯುಗಳನ್ನು ಸಡಿಲಿಸಿದರೆ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ, ಕೆಲವು ದಿನ ಓಡಾಟ ಹಗುರವಾಗುತ್ತದೆ. ನನಗೆ ಇದು ಸಣ್ಣ ವಿಷಯವಲ್ಲ. ಆದರೆ ಆಸ್ಟಿಯೋಪತಿ ಈ ಕಾಯಿಲೆಯನ್ನು ತಡೆಯುತ್ತದೆ, ಮೂಳೆ ಕೊರೆಯುವುದನ್ನು ನಿಲ್ಲಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ.

ಕತ್ತಿನ ವಿಷಯವನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಕತ್ತಿನ ತುದಿಯಲ್ಲಿರುವ ಮೊದಲ ಎರಡು ಮೂಳೆಗಳನ್ನು ಒಂದು ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ, ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಅವುಗಳ ಹಿಂದೆಯೇ ಬೆನ್ನುಹುರಿ ಇದೆ. ರುಮಟಾಯ್ಡ್ ಆರ್ಥ್ರೈಟಿಸ್ ಆ ಜಾಗಕ್ಕೂ ಹೋಗಬಲ್ಲದು. ಹೋದರೆ ಲಿಗಮೆಂಟ್ ಸಡಿಲವಾಗುತ್ತದೆ, ಮೂಳೆ ಜಾರಿ ಬೆನ್ನುಹುರಿಯನ್ನು ಒತ್ತುವ ಅಪಾಯವಿರುತ್ತದೆ. ಕೆಲವರಿಗೆ ಇದು ಏನೂ ನೋವಿಲ್ಲದೆಯೇ ಆಗಿರುತ್ತದೆ. ಇಂಥ ಕತ್ತನ್ನು ಯಾರಾದರೂ ಲಟಕ್ಕನೆ ತಿರುಗಿಸಿ ನೆಟಿಕೆ ತೆಗೆದರೆ ಏನಾಗಬಹುದು, ಯೋಚಿಸಿ. ಆದ್ದರಿಂದ ಆಸ್ಟಿಯೋಪತ್ ಆಗಲಿ, ಮಸಾಜ್ ಮಾಡುವವರಾಗಲಿ, ನಿಮ್ಮ ಕತ್ತಿಗೆ ಜರ್ಕ್ ಕೊಡಲು ಬಿಡಲೇಬೇಡಿ. ಸಂಶಯವಿದ್ದರೆ ರುಮಟಾಲಜಿಸ್ಟ್, ಅಂದರೆ ಈ ಕಾಯಿಲೆಯ ತಜ್ಞ ಡಾಕ್ಟರ್, ಕತ್ತು ಬಗ್ಗಿಸಿ, ಹಿಂದಕ್ಕೆ ಬಾಗಿಸಿ ಎಕ್ಸ್‌ರೇ ತೆಗೆಸುತ್ತಾರೆ, ಬೇಕಾದರೆ ಎಂಆರ್‌ಐ ಕೂಡ. ತಲೆಯ ಹಿಂಭಾಗ ನೋಯುವುದು, ಕತ್ತು ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗಾಗುವುದು, ಕೈಕಾಲು ಜೋಮು ಹಿಡಿಯುವುದು, ಕಾಲಿನ ಬಲ ತಪ್ಪುವುದು, ಮೂತ್ರ ತಡೆಯಲಾಗದಿರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕೀಲು ಬಿಸಿಯಾಗಿ ಊದಿಕೊಂಡಿರುವ ದಿನಗಳಲ್ಲಿ ಅದನ್ನು ಎಳೆಸಬೇಡಿ, ಒತ್ತಿಸಬೇಡಿ. ಸ್ಟೆರಾಯ್ಡ್ ತೆಗೆದುಕೊಂಡಿದ್ದರೆ ಅದನ್ನೂ ಮೊದಲೇ ಹೇಳಿ, ಹೆಚ್ಚು ಕಾಲ ತೆಗೆದುಕೊಂಡವರ ಮೂಳೆ ಟೊಳ್ಳಾಗಿರಬಹುದು.

ಆಸ್ಟಿಯೋಪತಿಗಿಂತ ಹೆಚ್ಚು ಪುರಾವೆ ಇರುವುದು ವ್ಯಾಯಾಮಕ್ಕೆ. ಬ್ರಿಟನ್‌ನಲ್ಲಿ 490 ರೋಗಿಗಳ ಜೊತೆ ನಡೆದ ಸಾರಾ (SARAH) ಎಂಬ ಹೆಸರಿನ ಅಧ್ಯಯನದ ಫಲಿತಾಂಶ 2015ರ ಹೊತ್ತಿಗೆ ಬಂತು. ಔಷಧಿಯ ಜೊತೆ ಕೈಗೆ ಹೇಳಿಕೊಟ್ಟ ವ್ಯಾಯಾಮ ಮಾಡಿದವರ ಕೈ ಒಂದು ವರ್ಷದ ನಂತರವೂ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಇದನ್ನು ಕಲಿತುಕೊಳ್ಳಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಅದು ಕಾಯಿಲೆಯನ್ನೂ ಜೋರು ಮಾಡುತ್ತದೆ, ಔಷಧಿಯ ಕೆಲಸವನ್ನೂ ಕೆಡಿಸುತ್ತದೆ.

ಎಷ್ಟು ದಿನಕ್ಕೊಮ್ಮೆ ಹೋಗಬೇಕು ಅಂದಿರಿ. ಲೆಕ್ಕ ಅಂತೇನಿಲ್ಲ. ಕೆಲವು ಸಲ ಹೋಗಿ, ನಿದ್ದೆಯಲ್ಲೋ ಓಡಾಟದಲ್ಲೋ ನಿಮಗೇ ವ್ಯತ್ಯಾಸ ಗೊತ್ತಾದರೆ ಮುಂದುವರಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ. ನಿಮ್ಮ ರುಮಟಾಲಜಿಸ್ಟ್‌ಗೆ ಹೇಳಿಯೇ ಹೋಗಿ. ಮಾತ್ರೆ ನಿಲ್ಲಿಸಿ, ನಾನು ಗುಣ ಮಾಡುತ್ತೇನೆ ಅಂತ ಅಲ್ಲಿ ಯಾರಾದರೂ ಅಂದರೆ ಮತ್ತೆ ಅವರ ಹತ್ತಿರ ಹೋಗಬೇಡಿ.