ವಾರದ ಪಾಠ ಮುಗಿಯದ ಪ್ರಶ್ನೆಗೆ

ಮನೆಯಲ್ಲೇ ಕಲಿಯುವ ಹತ್ತು ವರ್ಷದ ಮಗಳಿಗೆ ದಿನಾ ಆರು ವಿಷಯ, ಶುಕ್ರವಾರದ ಹೊತ್ತಿಗೆ ಭಿನ್ನರಾಶಿ ಮರೆತಿರುತ್ತಾಳೆ ಅಂದಿರಿ. ತಪ್ಪು ಅವಳದ್ದಲ್ಲ, ವೇಳಾಪಟ್ಟಿಯದ್ದು. ಗಣಿತ, ಭಾಷೆ ಮಾತ್ರ ದಿನಾ 30 ನಿಮಿಷ ಇರಲಿ. ವಿಜ್ಞಾನ, ಸಮಾಜಕ್ಕೆ ವಾರಕ್ಕೆರಡು ಸಲ ಒಂದೊಂದು ಗಂಟೆ. ಪ್ರಯೋಗ ಮಾಡಿ, ಬರೆದು, ಸಾಮಾನು ಎತ್ತಿಡಲು ಅರ್ಧ ಗಂಟೆ ಎಲ್ಲಿ ಸಾಕು?

ಗಣಿತ ಹಳೇ ಲೆಕ್ಕದಿಂದಲೇ ಶುರುವಾಗಲಿ: ನಿನ್ನೆಯದು ಎರಡು, ಹೋದ ವಾರದ್ದು ಎರಡು, ಹೋದ ತಿಂಗಳದ್ದು ಒಂದು. ಪುಸ್ತಕ ಮುಚ್ಚಿರಬೇಕು. 1/2 + 1/3 ಕ್ಕೆ 2/5 ಅಂತ ಬರೆದರೆ ತಕ್ಷಣ ನಿಯಮ ಹೇಳಬೇಡಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು ಅಂತ ಕೇಳಿ. ಆಮೇಲೆ ಕಾಗದದ ಪಟ್ಟಿಯನ್ನು ಆರು ಸಮಭಾಗವಾಗಿ ಮಡಚಿಸಿ, ಅರ್ಧ ಅಂತ ಮೂರು ಭಾಗಕ್ಕೆ, 1/3 ಅಂತ ಇನ್ನೆರಡು ಭಾಗಕ್ಕೆ ಬಣ್ಣ ಹಚ್ಚಿಸಿ; ಒಟ್ಟು 5/6 ಅಂತ ಅವಳಿಗೇ ಕಾಣುತ್ತೆ. ಶುಕ್ರವಾರ ಮಧ್ಯಾಹ್ನ ಖಾಲಿ ಬಿಟ್ಟರೆ ಬಾಕಿ ಪಾಠಕ್ಕೆ ಜಾಗ ಸಿಗುತ್ತೆ.