ಮಗುವಿಗೆ ‘ಸೂರ್ಯ ದೂರ ಹೋದ’ ಅಂತ ಮಾತ್ರ ಹೇಳಬೇಡಿ

ನಿಮ್ಮ ಆರು ವರ್ಷದ ಮಗ "ಧ್ರುವದಲ್ಲಿ ಆರು ತಿಂಗಳು ರಾತ್ರಿ ಯಾಕೆ?" ಅಂತ ಬಿಡದೆ ಕೇಳುತ್ತಿದ್ದಾನೆ, ಒಳ್ಳೆ ವಿಡಿಯೊ ತೋರಿಸಲಾ, ಗ್ಲೋಬ್ ತರಲಾ ಅಂತ ಕೇಳಿದ್ದೀರಿ. ಎರಡೂ ಈಗಲೇ ಬೇಡ. ಯಾಕೆ ಅಂತ ಹೇಳಬೇಕಾದರೆ ನನ್ನ ಮಗಳ ವಿಷಯ ಹೇಳಬೇಕು.

ಅವಳಿಗೆ ಐದು ವರ್ಷ ಆಗಿದ್ದಾಗ ಕೆಲಸದ ಸಲುವಾಗಿ ನಾವು ನಾರ್ವೆಯ ಟ್ರೊಮ್ಸೊ ಊರಿಗೆ ಹೋದೆವು. ಆರ್ಕ್ಟಿಕ್ ವೃತ್ತದಿಂದ ಇನ್ನೂ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ ಅದು. ನಾವು ಹೋಗಿದ್ದು ಆಗಸ್ಟ್‌ನಲ್ಲಿ, ಆಗ ರಾತ್ರಿ ಒಂಬತ್ತಕ್ಕೂ ಬೆಳಕಿತ್ತು. ಆಮೇಲೆ ಹಗಲು ಕರಗುತ್ತಾ ಬಂತು. ನವೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ನಿಂತಿತು. ಜನವರಿ ಮಧ್ಯದವರೆಗೂ ಹೀಗೇ. ಅಲ್ಲಿಯವರು ಇದನ್ನು ‘ಮೊರ್ಕೆತೀ’ ಅನ್ನುತ್ತಾರೆ, ಕತ್ತಲಕಾಲ ಅಂತ.

ಒಂದು ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅವಳು ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು. "ಅಮ್ಮಾ, ಸೂರ್ಯ ಎಲ್ಲಿ?" ಅಂದಳು. ನಾನು ಕೈ ನಿಲ್ಲಿಸದೆ, "ಚಳಿಗಾಲ ಅಲ್ವಾ ಪುಟ್ಟಾ, ಸೂರ್ಯ ದೂರ ಹೋಗಿದ್ದಾನೆ" ಅಂದೆ.

ಇದೇ ನನ್ನ ತಪ್ಪು. ಸಣ್ಣ ಮಾತು ಅಂತ ನಿಮಗೆ ಅನ್ನಿಸಬಹುದು. ಆದರೆ ಮಗು ಆ ‘ದೂರ’ವನ್ನು ಹಿಡಿದುಕೊಂಡು ಎಲ್ಲೆಲ್ಲಿಗೆ ಹೋಯಿತು ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ನಾವು ತಿಪಟೂರಿಗೆ ವಿಡಿಯೊ ಕಾಲ್ ಮಾಡುತ್ತಿದ್ದೆವು. ಅಲ್ಲಿ ಆಗ ಸಂಜೆ ನಾಲ್ಕೂವರೆ. ಅಂಗಳದ ತುಂಬ ಬಿಸಿಲು, ಅಜ್ಜಿ ಕೂತು ಹಪ್ಪಳ ತೆಗೆಯುತ್ತಿರುತ್ತಿದ್ದರು. ಮಗಳು ನೋಡಿದಳು. ಸೂರ್ಯ ನಮ್ಮನ್ನು ಬಿಟ್ಟು ಅಜ್ಜಿ ಮನೆಗೆ ಹೋಗಿದ್ದಾನೆ ಅಂತ ತೀರ್ಮಾನಿಸಿದಳು. ಆವತ್ತಿನಿಂದ ಶಾಲೆಯ ಬ್ಯಾಗಿನಲ್ಲಿ ಎರಡು ಫ್ರಾಕು, ಒಂದು ಟವೆಲ್ಲು ತುಂಬಿ ಬಾಗಿಲ ಹತ್ತಿರ ಇಡುವುದು ಶುರುವಾಯಿತು. "ನಾವೂ ಹೋಗೋಣ, ಇಲ್ಲಾಂದ್ರೆ ಅವನು ವಾಪಸ್ ಬರಲ್ಲ." ದಿನಾ ರಾತ್ರಿ ನಾನು ಆ ಬ್ಯಾಗು ಬಿಚ್ಚಿ ಬಟ್ಟೆ ಒಳಗಿಡುತ್ತಿದ್ದೆ. ಬೆಳಿಗ್ಗೆ ಅದು ಮತ್ತೆ ತುಂಬಿರುತ್ತಿತ್ತು.

ಜನವರಿ 21ಕ್ಕೆ ಟ್ರೊಮ್ಸೊದಲ್ಲಿ ಸೂರ್ಯನ ದಿನ. ಬೆಟ್ಟದ ಮೇಲಿಂದ ಸೂರ್ಯ ಮತ್ತೆ ಊರಿಗೆ ಕಾಣಿಸಿಕೊಳ್ಳುತ್ತಾನೆ, ಮಕ್ಕಳಿಗೆಲ್ಲ ಜ್ಯಾಮ್ ತುಂಬಿದ ಸೂರ್ಯನ ಬನ್ನು ಕೊಡುತ್ತಾರೆ. ಇವಳು ಮುಟ್ಟಲಿಲ್ಲ. ಮತ್ತೆ ಹೋಗುವವನಿಗೆ ಯಾಕೆ ಹಬ್ಬ ಅಂತ. ಅದಾದರೂ ಸರಿ, ಮೇ ತಿಂಗಳು ಬಂತು. 20ನೇ ತಾರೀಖಿನ ಆಸುಪಾಸಿನಿಂದ ಸೂರ್ಯ ಮುಳುಗುವುದು ನಿಂತಿತು. ಚಳಿಗಾಲ ಅಂದರೆ ದೂರ ಆದ್ದರಿಂದ ಈಗ ಹತ್ತಿರ ಬಂದಿರಬೇಕು ಅಲ್ವಾ? ಅವಳ ಲೆಕ್ಕ ಸರಿಯಾಗೇ ಇತ್ತು. ರಾತ್ರಿ ಹನ್ನೊಂದಕ್ಕೆ ಪರದೆಯ ಸಂದಿನಿಂದ ಬಿಸಿಲು ಹಾಸಿಗೆಗೆ ಬಿದ್ದರೆ ಹೊದಿಕೆಯೊಳಗೆ ಮುದುಡಿ, "ಇನ್ನೂ ಹತ್ತಿರ ಬಂದ್ರೆ ಸುಡ್ತಾನಾ?" ಅಂತ ಅಳುತ್ತಿದ್ದಳು. ಸೂರ್ಯ ಸುಡಲ್ಲ ಅಂತ ಎಷ್ಟು ಹೇಳಿದರೂ ನನ್ನ ಮಾತು ನಂಬುತ್ತಿರಲಿಲ್ಲ. ದೂರ ಅಂತ ನಾನೇ ಹೇಳಿದ್ದೆ, ಈಗ ಅದನ್ನೇ ಬದಲಾಯಿಸುತ್ತಿದ್ದೆ.

ಇದರಲ್ಲಿ ನನಗೆ ಅತಿ ಹೆಚ್ಚು ಚುಚ್ಚಿದ್ದು ಏನು ಗೊತ್ತಾ? ನಾನು ಹೇಳಿದ್ದು ತಲೆಕೆಳಗು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, 15.2 ಕೋಟಿ. ಋತು ಬದಲಾಗುವುದಕ್ಕೆ ಕಾರಣ ಭೂಮಿ 23.4 ಡಿಗ್ರಿ ವಾಲಿಕೊಂಡು ಸುತ್ತುವುದು. ಶಾಲೆಯಲ್ಲಿ ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮಗು ಕೇಳಿದಾಗ ಬಾಯಿಗೆ ಬಂದಿದ್ದು ಮಾತ್ರ ‘ದೂರ’.

ಸರಿಯಾಗಿದ್ದು ಎರಡನೇ ಡಿಸೆಂಬರ್‌ನಲ್ಲಿ. ಊರಿಗೆ ಬರಲು ಟ್ರೊಮ್ಸೊದಿಂದ ಓಸ್ಲೊಗೆ ಬೆಳಿಗ್ಗೆ ಹನ್ನೊಂದರ ಸುಮಾರಿನ ವಿಮಾನ ಹತ್ತಿದೆವು. ಕೆಳಗೆ ಎಲ್ಲ ನೀಲಿ ನೀಲಿ. ವಿಮಾನ ಮೇಲೇರಿ ಸ್ವಲ್ಪ ಹೊತ್ತಿಗೆ ಎಡಗಡೆ ಕಿಟಕಿಯಲ್ಲಿ, ಮುಂದಕ್ಕೆ, ಅಂಚಿನಲ್ಲಿ ಕೆಂಪಗೆ ಒಂದು ಗೆರೆ. ಆಮೇಲೆ ಸೂರ್ಯನೇ. ಮಗಳು ಸೀಟಿನ ಮೇಲೆ ಮಂಡಿಯೂರಿ, "ಇಲ್ಲೇ ಇದಾನೆ! ಅಮ್ಮಾ, ಇಲ್ಲೇ ಇದ್ದ!" ಅಂತ ಕೂಗಿದಳು. ಹೌದು, ಇಲ್ಲೇ ಇದ್ದ. ಡಿಸೆಂಬರ್ ಕೊನೆಯಲ್ಲೂ ಟ್ರೊಮ್ಸೊದ ಮಧ್ಯಾಹ್ನ ಸೂರ್ಯ ಅಂಚಿನಿಂದ ಬರೀ ಮೂರು ಡಿಗ್ರಿ ಕೆಳಗಿರುತ್ತಾನೆ. ಕೈ ಚಾಚಿ ಹಿಡಿದರೆ ಎರಡು ಬೆರಳಿನ ಅಗಲ. ಅದಕ್ಕೇ ಆ ಕಾಲದಲ್ಲೂ ಮಧ್ಯಾಹ್ನದ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಹೊತ್ತು ದಕ್ಷಿಣದ ಆಕಾಶ ಗುಲಾಬಿಯಾಗುತ್ತದೆ, ಹಿಮವೆಲ್ಲ ನೀಲಿ ಕಾಣುತ್ತದೆ. ಹಿಂದಿನ ವರ್ಷ ನಾನು ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ಆ ಗುಲಾಬಿ ಬಣ್ಣ ತೋರಿಸಿ, "ಅಲ್ಲಿ ಬೆಟ್ಟದ ಕೆಳಗೇ ಇದ್ದಾನೆ, ನಾವಿರೋ ಕಡೆ ಭೂಮಿ ಆಚೆಗೆ ವಾಲಿದೆ" ಅಂದಿದ್ದರೆ ಸಾಕಿತ್ತು.

ಅದಕ್ಕೇ ಮೊದಲು ನಿಮ್ಮ ಮನೆಯ ತಾರಸಿಗೆ ಹೋಗಿ. ಬೆಂಗಳೂರಿನಲ್ಲಿದ್ದರೆ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಮಗನ ನೆರಳು ಅವನ ಕಾಲ ಕೆಳಗೇ ಅಡಗುತ್ತದೆ. ಜೂನ್‌ನಲ್ಲಿ ಮೋಡ ಬಿಟ್ಟರೆ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಡಿಸೆಂಬರ್‌ನಲ್ಲಿ ಉತ್ತರಕ್ಕೆ ಉದ್ದವಾಗಿ. ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಸೂರ್ಯನ ದಾರಿ ವರ್ಷವಿಡೀ ಸರಿಯುತ್ತದೆ ಅಂತ ಅವನ ಕಣ್ಣಿಗೇ ಕಾಣಲಿ. ಧ್ರುವದಲ್ಲಿ ಆಗುವುದೂ ಇದೇ, ಅಲ್ಲಿ ಆ ಸರಿಯುವಿಕೆ ಜಾಸ್ತಿ ಕಾಣುತ್ತದೆ ಅಷ್ಟೆ.

ಆಮೇಲೆ ಒಂದು ಕಿತ್ತಳೆ, ಒಂದು ಉದ್ದ ಕಡ್ಡಿ, ಒಂದೆರಡು ಲವಂಗ. ತಿಪಟೂರಿನಲ್ಲಿ ನಾವು ಮಾಡಿದ್ದು ಇದನ್ನೇ. ಕೋಣೆ ಮಧ್ಯೆ ಸ್ಟೂಲಿನ ಮೇಲೆ ದೀಪ. ಕಡ್ಡಿಯನ್ನು ಹಣ್ಣಿನ ನಡುವೆ ಚುಚ್ಚಿ, ಸ್ವಲ್ಪ ಕಿಟಕಿ ಕಡೆ ವಾಲಿಸಿ ಹಿಡಿಯಬೇಕು. ಮೇಲುಗಡೆ ಕಡ್ಡಿಗೆ ಹತ್ತಿರ ಒಂದು ಲವಂಗ, ಅದು ಟ್ರೊಮ್ಸೊ. ನಡುಭಾಗಕ್ಕಿಂತ ಸ್ವಲ್ಪ ಮೇಲೆ ಇನ್ನೊಂದು, ಅದು ಅಜ್ಜಿ ಮನೆ. ಹಿಡಿದುಕೊಂಡು ದೀಪದ ಸುತ್ತ ನಡೆಯಿರಿ. ಎಲ್ಲಿ ನಿಂತರೂ ಕಡ್ಡಿ ಕಿಟಕಿ ಕಡೆಗೇ ವಾಲಿರಬೇಕು. ತುಂಬಾ ಜನ ನಡೆಯುತ್ತಾ ಕಡ್ಡಿಯನ್ನೂ ದೀಪದ ಕಡೆ ತಿರುಗಿಸಿಬಿಡುತ್ತಾರೆ, ಆಗ ಚಳಿಗಾಲ ಬರುವುದೇ ಇಲ್ಲ. ದೀಪಕ್ಕೂ ಕಿಟಕಿಗೂ ನಡುವೆ ನಿಂತು ಕಿತ್ತಳೆಯನ್ನು ಬುಗುರಿಯ ಹಾಗೆ ತಿರುಗಿಸಿದರೆ ಟ್ರೊಮ್ಸೊ ಲವಂಗಕ್ಕೆ ಬೆಳಕು ತಾಗುವುದೇ ಇಲ್ಲ, ಅಜ್ಜಿ ಲವಂಗಕ್ಕೆ ಹಗಲೂ ಬರುತ್ತದೆ, ರಾತ್ರಿಯೂ ಬರುತ್ತದೆ. ಎದುರು ಬದಿಗೆ ಹೋದರೆ ಟ್ರೊಮ್ಸೊಗೆ ರಾತ್ರಿಯೇ ಇಲ್ಲ. ಮಗುವೇ ತಿರುಗಿಸಬೇಕು, ನೀವಲ್ಲ.

ಕೆಳಗಡೆಯೂ ಒಂದು ಲವಂಗ ಚುಚ್ಚಿ. ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಮೈತ್ರಿ ಕೇಂದ್ರ ಇದೆ, 70 ಡಿಗ್ರಿ ದಕ್ಷಿಣದಲ್ಲಿ. ಟ್ರೊಮ್ಸೊ ಕತ್ತಲಲ್ಲಿದ್ದಾಗ ಅಲ್ಲಿ ಇಡೀ ದಿನ ಬಿಸಿಲು.

"ಇಡೀ ದಿನ ಬಿಸಿಲಿದ್ದರೂ ಹಿಮ ಯಾಕೆ ಕರಗಲ್ಲ?" ಅಂತ ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಟಾರ್ಚನ್ನು ಗೋಡೆಗೆ ನೇರ ಹಿಡಿಯಿರಿ, ಆಮೇಲೆ ಓರೆಯಾಗಿ. ಅದೇ ಬೆಳಕು ಅಗಲಕ್ಕೆ ಹರಡಿ ಮಂಕಾಗುತ್ತದೆ. ಬಿದ್ದ ಬೆಳಕನ್ನೂ ಬಿಳಿ ಹಿಮ ವಾಪಸ್ ಎಸೆಯುತ್ತದೆ. ದಕ್ಷಿಣ ಧ್ರುವದಲ್ಲಿ ಬೇಸಿಗೆಯಲ್ಲೇ, ಜನವರಿಯಲ್ಲಿ, ಸರಾಸರಿ ಮೈನಸ್ 25ಕ್ಕಿಂತ ಕೆಳಗೆ.

ಇನ್ನು ‘ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ’ ಅನ್ನುವುದನ್ನೂ ತಿದ್ದಿ. ಅದು ನಿಜವಾಗುವುದು ಧ್ರುವದ ಆ ಒಂದೇ ಬಿಂದುವಿನಲ್ಲಿ. ಧ್ರುವ ಪ್ರದೇಶದ ಜನ ಎರಡೇ ಕಾಲದಲ್ಲಿ ಬದುಕುವುದಿಲ್ಲ. ಟ್ರೊಮ್ಸೊ ಕಡೆ ಹಿಮಸಾರಂಗ ಸಾಕುವ ಸಾಮಿ ಜನರಿಗೆ ಎಂಟು ಋತು. ಚಳಿಗಾಲಕ್ಕೂ ವಸಂತಕ್ಕೂ ನಡುವೆ ಒಂದು, ವಸಂತಕ್ಕೂ ಬೇಸಿಗೆಗೂ ನಡುವೆ ಇನ್ನೊಂದು. ಸಾರಂಗ ಯಾವಾಗ ಮರಿ ಹಾಕುತ್ತದೆ, ಹಿಂಡು ಯಾವಾಗ ಬೆಟ್ಟಕ್ಕೆ ಹೋಗಬೇಕು ಅನ್ನುವುದರ ಲೆಕ್ಕ ಅದು. ನಮ್ಮವರು ಭರಣಿ ಮಳೆ, ಆರಿದ್ರಾ ಮಳೆ ಅಂತ ಹೆಸರಿಟ್ಟು ಬಿತ್ತನೆ ನೋಡುವ ಹಾಗೆಯೇ. ಇದನ್ನು ಕೇಳಿದ ಮೇಲೆ ನನ್ನ ಮಗಳಿಗೆ ಟ್ರೊಮ್ಸೊ ತನ್ನ ಊರು ಅನ್ನಿಸತೊಡಗಿತು.

ಆ ಕಿತ್ತಳೆ ಸುತ್ತುತ್ತಿದ್ದಾಗ ನಮ್ಮತ್ತೆ ಪಕ್ಕದಲ್ಲೇ ಕೂತು ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುತ್ತಿದ್ದರು. "ನಮ್ಮ ಒಂದು ವರ್ಷ ಅಂದ್ರೆ ಮೇರು ಪರ್ವತದ ದೇವತೆಗಳಿಗೆ ಒಂದೇ ದಿನ ಕಣೆ. ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ" ಅಂದರು. ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥದಲ್ಲೂ ಮೇರುವಿನ, ಅಂದರೆ ಉತ್ತರ ಧ್ರುವದ, ದೇವತೆಗಳಿಗೆ ಸೂರ್ಯ ಅರ್ಧ ವರ್ಷ ಕಾಣುತ್ತಾನೆ ಅಂತಲೇ ಇದೆ. ಮಗಳು ಡಬ್ಬದಿಂದ ಇನ್ನೊಂದು ಲವಂಗ ತೆಗೆದು, ಮೇಲುಗಡೆ ಕಡ್ಡಿಯ ಬುಡಕ್ಕೆ ಒತ್ತಿ ಚುಚ್ಚಿದಳು. ಕಿತ್ತಳೆ ತಿರುಗಿಸುತ್ತಾ ದೀಪದ ಸುತ್ತ ಅರ್ಧ ಸುತ್ತು ನಡೆದಳು. ಲವಂಗದ ಮೇಲೆ ಬೆಳಕು ಹಾಗೇ ಇತ್ತು. ಇನ್ನರ್ಧ ನಡೆದಳು, ಅಷ್ಟೂ ಹೊತ್ತು ಕತ್ತಲು. ಅಲ್ಲೇ ನಿಂತು, "ಅಜ್ಜಿ, ನಿನ್ನ ದೇವರು ಈಗ ಮಲಗಿದಾರೆ" ಅಂದಳು.