ಹಳೆಯ ‘ಡ್ರಾಕುಲಾ’ವನ್ನು ಫಿಲಿಪ್ ಗ್ಲಾಸ್ ಸಂಗೀತದೊಂದಿಗೆ ನೋಡಬೇಕೇ, ಇಲ್ಲದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. 1931ರ ‘ಡ್ರಾಕುಲಾ’ ಚಿತ್ರಕ್ಕೆ ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅಷ್ಟು ವರ್ಷಗಳ ನಂತರ, ಅದೂ ನಾಲ್ಕೇ ತಂತಿವಾದ್ಯಗಳಿಗೆ, ಸಂಗೀತ ಬರೆದದ್ದೇಕೆ? ಮೊದಲ ಸಲ ನೋಡುವವರು ಯಾವುದನ್ನು ಆರಿಸಬೇಕು? ಎರಡನೆಯದಕ್ಕೆ ಉತ್ತರ ಚಿಕ್ಕದು: ಮೊದಲು ಸಂಗೀತವಿಲ್ಲದೆ ನೋಡಿ. ಗ್ಲಾಸ್ ಅವರ ಈ ಕೃತಿ ನನಗೆ ಬಹಳ ಇಷ್ಟ, ಆದರೂ ಹೀಗೆಯೇ ಹೇಳುತ್ತೇನೆ.

ಟಾಡ್ ಬ್ರೌನಿಂಗ್ ನಿರ್ದೇಶನದ, ಬೇಲಾ ಲುಗೋಸಿ ಅಭಿನಯದ ಈ ಚಿತ್ರ ಬಂದಾಗ ಮಾತಿನ ಚಿತ್ರಗಳು ಆಗಷ್ಟೇ ಕಣ್ಣುಬಿಡುತ್ತಿದ್ದವು. ಸಂಭಾಷಣೆಯ ಅಡಿಯಲ್ಲಿ ಸಂಗೀತವನ್ನು ಹದವಾಗಿ ಬೆರೆಸುವುದು ಕಷ್ಟದ ಕೆಲಸವಾಗಿತ್ತು. ವಾದ್ಯವೇ ಕಾಣದೆ ನಾದ ಕೇಳಿಸಿದರೆ ಪ್ರೇಕ್ಷಕರು ಗಲಿಬಿಲಿಗೊಂಡಾರು ಎಂಬ ಅಳುಕೂ ಅಂದಿನ ಸ್ಟುಡಿಯೋಗಳಿಗಿತ್ತು. ಹಾಗಾಗಿ ಹೆಸರುಗಳು ಮೂಡುವಾಗ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ನ ಒಂದು ತುಣುಕು, ಲಂಡನ್ನಿನ ರಂಗಮಂದಿರದ ದೃಶ್ಯದಲ್ಲಿ ವ್ಯಾಗ್ನರ್ ಮತ್ತು ಶೂಬರ್ಟ್, ಹೆಚ್ಚುಕಡಿಮೆ ಅಷ್ಟೇ. ಒಂದೂಕಾಲು ಗಂಟೆಯ ಚಿತ್ರದಲ್ಲಿ ಉಳಿದದ್ದೆಲ್ಲ ಮಾತು, ಬಾಗಿಲಿನ ಕಿರುಗುಟ್ಟುವಿಕೆ, ತೋಳಗಳ ಊಳು ಮತ್ತು ಮೌನ.

ಈ ಮೌನವನ್ನು ಬರಿಯ ಕೊರತೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೋಟೆಯ ಮೆಟ್ಟಿಲ ಮೇಲೆ ನಿಂತ ಡ್ರಾಕುಲಾ ಹೊರಗೆ ಊಳಿಡುವ ತೋಳಗಳತ್ತ ಕಿವಿಗೊಟ್ಟು, ಇರುಳಿನ ಮಕ್ಕಳು ಎಂಥ ಸಂಗೀತ ಹಾಡುತ್ತಿವೆ ಎಂದು ಮೆಚ್ಚಿಕೊಳ್ಳುವ ಪ್ರಸಿದ್ಧ ಮಾತೊಂದಿದೆ. ಮೂಲ ಚಿತ್ರದಲ್ಲಿ ಆ ಮಾತಿಗೆ ಬೆನ್ನೆಲುಬಿರುವುದೇ ಅಲ್ಲಿ ಬೇರೆ ಸಂಗೀತವಿಲ್ಲದ್ದರಿಂದ. ಊಳೇ ಅಲ್ಲಿನ ಸಂಗೀತ. ಲುಗೋಸಿ ಒಂದೊಂದು ಪದವನ್ನೂ ಎಳೆದೆಳೆದು, ನಡುವೆ ನಿಲ್ಲಿಸಿ ಹೇಳುವ ರೀತಿಗೂ ಈ ಖಾಲಿ ಜಾಗ ಬೇಕು. ಪಿಟೀಲು ಅದನ್ನು ತುಂಬಿದರೆ ಆ ನಟನ ಅರ್ಧ ವಿದ್ಯೆ ಮರೆಯಾಗುತ್ತದೆ.

ಇನ್ನು ಗ್ಲಾಸ್ ವಿಚಾರ. 1998ರಲ್ಲಿ, ಚಿತ್ರ ತಯಾರಿಸಿದ ಯೂನಿವರ್ಸಲ್ ಸಂಸ್ಥೆಯೇ ಅವರಿಗೆ ಈ ಕೆಲಸ ಒಪ್ಪಿಸಿತು. ನುಡಿಸಿದವರು ಕ್ರೋನೋಸ್ ಕ್ವಾರ್ಟೆಟ್: ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ. ಗ್ಲಾಸ್ ಸಂಗೀತ ನೀಡಿದ 1985ರ ‘ಮಿಷಿಮಾ’ ಚಿತ್ರದ ಕಾಲದಿಂದಲೂ ಅವರ ಸಂಗೀತ ಈ ತಂಡದವರ ಕೈಯಲ್ಲಿ ಪಳಗಿತ್ತು. ಕಥೆ ನಡೆಯುವುದು ಬಹುಪಾಲು ದಿವಾನಖಾನೆ, ಗ್ರಂಥಾಲಯ, ತೋಟಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಆ ಲೋಕಕ್ಕೆ ಹೊಂದುವುದು ಮನೆಯ ಕೋಣೆಯಲ್ಲಿ ಕುಳಿತು ನುಡಿಸಬಹುದಾದ ಇಂಥ ಮೇಳ ಎಂಬುದು ಗ್ಲಾಸ್ ಅವರ ವಾದ. ಭಯದ ಚಿತ್ರಗಳ ಸವಕಲು ತಂತ್ರಗಳು ಬೇಡವೆಂದೂ ಅವರು ನಿರ್ಧರಿಸಿದ್ದರು. ಇದು ಸಣ್ಣ ನಿರ್ಧಾರವಲ್ಲ. 1960ರಲ್ಲಿ ಬರ್ನಾರ್ಡ್ ಹರ್ಮನ್ ‘ಸೈಕೋ’ ಚಿತ್ರಕ್ಕೆ ತಂತಿವಾದ್ಯಗಳನ್ನು ಮಾತ್ರ ಬಳಸಿ ಚೀರಿಸಿದ ಮೇಲೆ, ಪಿಟೀಲು ಎಂದರೆ ಚಾಕು ಎನ್ನುವಷ್ಟು ಆ ಸದ್ದು ಜನರ ಕಿವಿಯಲ್ಲಿ ಕೂತುಬಿಟ್ಟಿತ್ತು.

ಗ್ಲಾಸ್ ಚೀರಿಸುವುದಿಲ್ಲ, ಸುತ್ತಿಸುತ್ತಾರೆ. ಒಂದು ಸ್ವರಗುಚ್ಛವನ್ನು ಬಿಡಿಸಿ, ಅವೇ ಸ್ವರಗಳನ್ನು ಮೇಲೆ ಕೆಳಗೆ ಓಡಿಸುತ್ತ, ಅದರಡಿಯಲ್ಲಿ ಆಧಾರ ಸ್ವರವನ್ನು ಸದ್ದಿಲ್ಲದೆ ಬದಲಿಸುತ್ತಾರೆ. ಎರಡರ ನಡೆಯ ಮೇಲೆ ಮೂರರ ನಡೆ ಹತ್ತಿಸುವುದು ಅವರ ಹಳೆಯ ಅಭ್ಯಾಸ. ತಾಳ ಹಾಕಿ ಕೇಳುವ ನಮ್ಮವರಿಗೆ ಅದು ಬೇಗ ಹಿಡಿಯುತ್ತದೆ. (ಅರುವತ್ತರ ದಶಕದ ನಡುವೆ ಪ್ಯಾರಿಸ್ಸಿನಲ್ಲಿ ರವಿಶಂಕರ್ ಅವರ ಚಿತ್ರಸಂಗೀತವನ್ನು ಪಾಶ್ಚಾತ್ಯ ಲಿಪಿಗೆ ಇಳಿಸುವ ಕೆಲಸ ಮಾಡುವಾಗಲೇ, ತಬಲಾ ವಾದಕ ಅಲ್ಲಾ ರಖಾ ಅವರ ತಾಳದ ಲೆಕ್ಕಾಚಾರ ಗ್ಲಾಸ್ ತಲೆಗೆ ಹೊಕ್ಕಿತ್ತು.) ಫಲವೇನೆಂದರೆ, ನಿಮಗೆ ಬೆಚ್ಚಿಬೀಳುವಂತಾಗುವುದಿಲ್ಲ, ತಪ್ಪಿಸಿಕೊಳ್ಳಲಾಗದು ಎನಿಸುತ್ತದೆ. ಡ್ರಾಕುಲಾನ ಕೋಟೆಗೆ ಹೊರಟ ರೆನ್‌ಫೀಲ್ಡ್ ಕುಳಿತ, ಸಾರಥಿಯೇ ಇಲ್ಲದ ಗಾಡಿ ಕಣಿವೆಯಲ್ಲಿ ಓಡುವಾಗ ಈ ಸಂಗೀತಕ್ಕೆ ಸಮನಾದದ್ದಿಲ್ಲ. ಡ್ರಾಕುಲಾನ ಬಲೆಗೆ ಬೀಳುವ ಮೀನಾಳ ದೃಶ್ಯಗಳಲ್ಲಿ ಭಯಕ್ಕಿಂತ ದುಃಖ ಮೇಲಾಗುತ್ತದೆ, ಅದು ಮೂಲ ಚಿತ್ರದಲ್ಲಿ ನನಗೆ ಕಂಡಿರದ ಬಣ್ಣ.

ತೊಡಕಿರುವುದು ಮಾತಿನ ದೃಶ್ಯಗಳಲ್ಲಿ. ಸಂಗೀತ ನಿಲ್ಲುವುದೇ ಅಪರೂಪ. ಡ್ರಾಕುಲಾನ ಗುಟ್ಟು ಬಯಲು ಮಾಡುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಕನ್ನಡಿಯಿರುವ ಡಬ್ಬಿಯನ್ನು ಡ್ರಾಕುಲಾನ ಮುಂದೆ ತೆರೆಯುವ ಗಳಿಗೆಯಲ್ಲಿ ನಾಲ್ವರು ವಾದಕರೂ ಕಮಾನು ಕೆಳಗಿಟ್ಟು ಸುಮ್ಮನೆ ಕೂತಿದ್ದರೆ ಒಳ್ಳೆಯದಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಹಳೆಯ ಧ್ವನಿಮುದ್ರಣ ಮೊದಲೇ ಮಂಕು. ಹೊಸ ವಾದನ ಸ್ಫಟಿಕದಷ್ಟು ಸ್ವಚ್ಛ. ಎರಡೂ ಒಂದೇ ಕೋಣೆಯಲ್ಲಿವೆ ಎಂದು ಕಿವಿ ನಂಬುವುದಿಲ್ಲ. ನೇರ ಪ್ರದರ್ಶನಗಳಲ್ಲಿ ಮಾತ್ರ ಇದೇ ಅಂತರ ಲಾಭವಾಯಿತು: ವಾದಕರು ಅರೆಪಾರದರ್ಶಕ ಪರದೆಯ ಹಿಂದೆ ಕುಳಿತು, ಬೆಳಕು ಬಿದ್ದಾಗ ಚಿತ್ರದೊಳಗಿನಿಂದಲೇ ಮೂಡಿಬರುವಂತೆ ಕಾಣುತ್ತಿದ್ದರು.

ಚಿತ್ರದ ಹಲವು ಡಿವಿಡಿ, ಬ್ಲೂ-ರೇ ಆವೃತ್ತಿಗಳಲ್ಲಿ ಗ್ಲಾಸ್ ಸಂಗೀತ ಪ್ರತ್ಯೇಕ ಧ್ವನಿ ಆಯ್ಕೆಯಾಗಿ ಇದೆ. ಕೊಳ್ಳುವ ಮೊದಲು ಹಿಂಬದಿಯ ವಿವರ ಓದಿ. ಚಿತ್ರ ಬಿಟ್ಟು ಸಂಗೀತವನ್ನಷ್ಟೇ ಕೇಳುವುದಾದರೆ ನಾನ್‌ಸಚ್ ಸಂಸ್ಥೆಯ 1999ರ ಮುದ್ರಿಕೆ ಹುಡುಕಿ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ತುಣುಕುಗಳಿವೆ. ಮೊದಲಿನಿಂದ ಆರಂಭಿಸಬೇಕೆಂದೇನಿಲ್ಲ, ಸಾರಥಿಯಿಲ್ಲದ ಗಾಡಿಯ ತುಣುಕನ್ನೇ ಮೊದಲು ಹಾಕಿಕೊಳ್ಳಿ. ಅದು ಹಿಡಿಸದಿದ್ದರೆ ಉಳಿದದ್ದೂ ಹಿಡಿಸುವುದು ಅನುಮಾನ.